ಗಟ್ಟಿಯಾಗಿ ಓದುತ್ತಿದ್ದ ಲೀಲಕ್ಕ

ಲೀಲಕ್ಕ ಕಂಪ್ಯೂಟರ್ ಕೋಡನ್ನು ಗಟ್ಟಿಯಾಗಿ ಓದುತ್ತಿದ್ದರು, ಊರಿಂದ ಬಂದ ಕಾಗದ ಓದಿದ ಹಾಗೆ. ನಾಲಿಗೆ ತಡವರಿಸಿದಲ್ಲಿ ನಿಲ್ಲುವರು. "ಇಲ್ಲಿ ತಗ್ಗ ಐತಿ ತಮ್ಮಾ. ಇವತ್ತ ನಾ ಬಿದ್ದೆ, ನಾಳಿ ಮತ್ತೊಬ್ಬಾಂವ ಬೀಳ್ತಾನ." ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಾನು ಬರೆದದ್ದರಲ್ಲಿ ತಗ್ಗೇ ಹೆಚ್ಚು, ದಾರಿ ಕಡಿಮೆ.

ಪುಣೆಯಲ್ಲಿ ಬಹಳ ವರ್ಷ ದುಡಿದು ತಮ್ಮೂರು ಉಮದಿಗೆ ಮರಳಿದ ಅವರು, ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಒಂದು ಪುಸ್ತಕ ಬರೆದರು. ಬೇರೆಯವರು ತಿದ್ದಲು ಬರುವಂತೆ ಕೋಡ್ ಬರೆಯುವುದು ಹೇಗೆ ಎಂಬುದೇ ಅದರ ವಿಷಯ. ಎಲ್ಲೆಲ್ಲಿಯ ಇಂಜಿನಿಯರುಗಳೋ ಅದನ್ನೋದಿ ಅವರಿಗೆ ಬರೆಯುತ್ತಿದ್ದರು. ಕೆಳಗಿನ ಅಂಗಡಿಯವನಿಗೆ ಮಾತ್ರ ಅವರು ಕೊನೆಯವರೆಗೂ 'ಟೈಪಿಂಗ್ ಬಾಯಿ', ಟೈಪ್ ಮಾಡುವ ಹೆಂಗಸು ಅಷ್ಟೇ.

ಆ ಪುಸ್ತಕದ ಒಂದು ಅಧ್ಯಾಯ ನನ್ನ ತಪ್ಪಿನದು. ಪುಣೆಯಲ್ಲಿದ್ದಾಗ ಶಾಲೆಯೊಂದಕ್ಕೆ ನಾವು ತಂತ್ರಾಂಶ ಮಾಡುತ್ತಿದ್ದೆವು. ಮಗುವಿನ ಅಜ್ಜಿಯ ಫೋನ್ ನಂಬರಿಗೆ ಕೋಡಿನಲ್ಲಿ ನಾನು 'ಆಯಿ' ಎಂದು ಹೆಸರಿಟ್ಟೆ. ಬಾಲಗಾಂವದ ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗೇ ಅನ್ನುವುದು. ಮುಂದಿನ ಭಾಗ ಬರೆದ ಮರಾಠಿ ಗೆಳೆಯ ಅದನ್ನು ತಾಯಿ ಎಂದು ಓದಿಕೊಂಡ. ಒಂದು ದಿನ, ಮಗಳಿಗೆ ಜ್ವರ, ಕರೆದೊಯ್ಯಿರಿ ಎಂಬ ಮೆಸೇಜು ಅಕ್ಷರ ಬಾರದ ಅಜ್ಜಿಗೆ ಹೋಯಿತು. ಹುಡುಗಿ ಸಂಜೆಯ ತನಕ ಶಾಲೆಯ ಕಟ್ಟೆಯ ಮೇಲೆ ಮುದುಡಿ ಕೂತಿತ್ತು.

"ನಿಮ್ಮ ಮನ್ಯಾಗ ಆಯಿ ಅಂದ್ರ ಅಜ್ಜಿ, ಅವನ ಮನ್ಯಾಗ ಅವ್ವ. ಓದಾಂವ ಯಾರ ಮನಿಯಾಂವ ಅಂತ ವಿಚಾರ ಮಾಡಿದ್ದೇನು? ಬರದಾಂವ ಇಲ್ಲದಾಗೂ ತಿಳೀಬೇಕಪಾ" ಎಂದರು ಲೀಲಕ್ಕ, ಮೆತ್ತಗೆ. ಬೈದಿದ್ದರೇ ಚೆನ್ನಾಗಿತ್ತು. ಪುಸ್ತಕದಲ್ಲಿ ನನ್ನ ಹೆಸರು ಹಾಕದೆ ಮಾನ ಉಳಿಸಿದರು.

ಆಮೇಲೆ ಅವರಿಗೆ ಮರೆವು ಶುರುವಾಯಿತು. ಮೊದಲು ಚಹಾಕ್ಕೆ ಸಕ್ಕರೆ ಮರೆತರು, ಆಮೇಲೆ ಮನೆಯ ದಾರಿ, ಆಮೇಲೆ ಮನುಷ್ಯರನ್ನು. ನನ್ನನ್ನಾದರೂ ಗುರುತು ಹಿಡಿದಾರೆಂಬ ಆಸೆಯಿಂದ ಒಮ್ಮೆ ಹೋಗಿ, ಅವರೇ ಬರೆದ ಹಳೆಯ ಕೋಡನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಎದುರಿಗಿಟ್ಟೆ. ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಎಲ್ಲೂ ತಡವರಿಸಲಿಲ್ಲ. ಯಾವ ಸಾಲು ಏನು ಮಾಡುತ್ತದೆಂದು ನನಗೇ ಬಿಡಿಸಿ ಹೇಳಿದರು.

"ಯಾರು ಬರದಾರ್ರಿ ಇದನ್ನ? ಭಾಳ ಚಲೋ ಬರದಾರ."

"ನೀವಽ ಬರದೀರಿ, ಅಕ್ಕಾ."

ನಾನು ಚೇಷ್ಟೆ ಮಾಡುತ್ತಿದ್ದೇನೆಂದು ನಕ್ಕರು. "ಅವರು ಸಿಕ್ಕರ ನನ್ನ ನಮಸ್ಕಾರ ತಿಳಸ್ರಿ."

ಅಷ್ಟು ವರ್ಷ 'ತಮ್ಮಾ' ಎಂದು ಏಕವಚನದಲ್ಲೇ ಕರೆದವರು ಅಂದು ನನಗೆ 'ರಿ' ಹಚ್ಚಿ ಮಾತಾಡಿದರು. ಗುರುತಿಲ್ಲದವರಿಗೆ ಕೊಡುವ ಮರ್ಯಾದೆ ಅದು. "ತಿಳಸ್ತೀನ್ರಿ" ಎಂದು ಎದ್ದುಬಂದೆ.

ಎರಡು ತಿಂಗಳಿಗೆ ಅವರು ತೀರಿಕೊಂಡರು. ಆ ನಮಸ್ಕಾರ ಇನ್ನೂ ನನ್ನ ಹತ್ತಿರವೇ ಇದೆ.