ಮೂರನೇ ನಂಬರಿನ ಹಳದಿ ವ್ಯಾನು

ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಮೂವತ್ತೊಂದು ವರ್ಷ ಸಿಟಿ ಬಸ್ ಓಡಿಸಿದ ನಾಮ್ ದೊಕ್ಸು, ನಿವೃತ್ತನಾದ ಮೇಲೆ ಬೆಟ್ಟ ಹತ್ತಿಕೊಂಡು ಹಾಯಾಗಿದ್ದಾನೆ ಎಂದೇ ಮನೆಯವರು ನಂಬಿದ್ದರು. ಹಾಗೆ ನಂಬಿಸಿದವನೂ ಅವನೇ. ನಿಜವಾಗಿ ಅವನು ಅರವತ್ತೇಳನೇ ವಯಸ್ಸಿನಲ್ಲಿ ಗಣಿತದ ಟ್ಯೂಷನ್ನೊಂದರ ಹಳದಿ ವ್ಯಾನಿಗೆ ಚಾಲಕನಾಗಿ ಸೇರಿದ್ದ. ಸಂಬಳದ ಆಸೆಗಲ್ಲ. ಮೊಮ್ಮಗಳು ಬೋಮಿಯ ಮುಖ ನೋಡಲು ಬೇರೆ ದಾರಿ ಇರಲಿಲ್ಲ.

ಬೋಮಿಗೆ ಹತ್ತು ವರ್ಷ. ಶಾಲೆ ಬಿಟ್ಟೊಡನೆ ಟೇಕ್ವಾಂಡೋ, ಅದರ ಬೆನ್ನಿಗೆ ಪಿಯಾನೋ, ಪಿಯಾನೋದಿಂದ ಗಣಿತ, ಗಣಿತದಿಂದ ಇಂಗ್ಲಿಷ್. ಶನಿವಾರ ಈಜು, ಆಮೇಲೆ ಹಗ್ಗದಾಟ. ಹೌದು, ಹಗ್ಗ ಹಾರುವುದಕ್ಕೂ ಕ್ಲಾಸು. ಶಾಲೆಯಲ್ಲಿ ಅದಕ್ಕೂ ಪರೀಕ್ಷೆ ಇದೆಯಲ್ಲ! ಸೊಸೆ ಯೊಂಜು ಫ್ರಿಜ್ಜಿಗೆ ಅಂಟಿಸಿದ್ದ ವೇಳಾಪಟ್ಟಿ ನೋಡಿದರೆ ರೈಲ್ವೆಯವರೂ ನಾಚಬೇಕು. ಅದರಲ್ಲಿ ಹಲ್ಲುಜ್ಜುವುದಕ್ಕೂ ಜಾಗವಿತ್ತು, ತಾತನಿಗೆ ಇರಲಿಲ್ಲ. ಯೊಂಜು ಕೆಟ್ಟವಳೇನಲ್ಲ. ಸಂಜೆ ಏಳರವರೆಗೆ ಔಷಧದಂಗಡಿಯಲ್ಲಿ ನಿಂತು ದುಡಿಯುವವಳು. ಊರ ಮಕ್ಕಳೆಲ್ಲ ಓಡುವಾಗ ತನ್ನ ಮಗಳು ಹಿಂದೆ ಬಿದ್ದಾಳೆಂಬ ಹೆದರಿಕೆ ಅವಳಿಗೆ. ಅದಕ್ಕೆ ಮಾತ್ರ ಅವಳ ಅಂಗಡಿಯಲ್ಲಿ ಮಾತ್ರೆ ಇರಲಿಲ್ಲ.

ಪಿಯಾನೋದಿಂದ ಗಣಿತಕ್ಕೆ ಹನ್ನೊಂದು ನಿಮಿಷದ ದಾರಿ. ಗುರುವಾರ ಆ ಸುತ್ತಿನಲ್ಲಿ ವ್ಯಾನಿನಲ್ಲಿರುವ ಮಗು ಬೋಮಿ ಒಬ್ಬಳೇ. ಮಕ್ಕಳನ್ನು ಹತ್ತಿಸಿ ಇಳಿಸಲು ನೇಮಕವಾಗಿದ್ದ ಓಕ್ ಅಜ್ಜಿ ಹಿಂದಿನ ಸೀಟಿನಲ್ಲಿ ನಿಷ್ಠೆಯಿಂದ ಗೊರಕೆ ಹೊಡೆಯುತ್ತಿದ್ದಳು. ದೊಕ್ಸು ಮಾರುಕಟ್ಟೆಯ ಹಿಂದೆ ವ್ಯಾನು ನಿಲ್ಲಿಸಿ, ಮೀನಿನ ಅಚ್ಚಿನಲ್ಲಿ ಸುಟ್ಟ ಬಿಸಿ ಹೂರಣದ ರೊಟ್ಟಿ ತರುತ್ತಿದ್ದ. ವ್ಯಾನು ಓಡಿಸುವವನು ತಾತ ಎಂಬುದನ್ನು ಅಮ್ಮನಿಗೆ ಹೇಳಬಾರದೆಂದು ಇಬ್ಬರಲ್ಲೂ ಒಪ್ಪಂದವಾಗಿತ್ತು.

"ತಾತ, ಪಿಯಾನೋ ಮೇಡಂ ನನ್ನ ಬೆರಳು ಸೌತೆಕಾಯಿ ಥರ ಇದೆ ಅಂದ್ರು."

"ನಿಮ್ಮ ಮೂತಿ ಮೂಲಂಗಿ ಥರ ಇದೆ ಅನ್ಬೇಕಿತ್ತು. ತಿನ್ನು, ಆರೋಗತ್ತೆ."

ಇದಕ್ಕೆ ಐದು ನಿಮಿಷ ಹಿಡಿಯುತ್ತಿತ್ತು. ಆದರೆ ಮಗು ವ್ಯಾನು ಹತ್ತಿದಾಗೊಮ್ಮೆ, ಇಳಿದಾಗೊಮ್ಮೆ ತಾಯಿಯ ಫೋನಿಗೆ ಸಂದೇಶ ಹೋಗುತ್ತದೆ. ಲೆಕ್ಕದಲ್ಲಿ ಯೊಂಜುವನ್ನು ಏಮಾರಿಸುವುದುಂಟೇ? ಅವಳು ತಾಯಂದಿರ ಗುಂಪಿನಲ್ಲಿ ಬರೆದೇಬಿಟ್ಟಳು: "ಗುರುವಾರ ಮೂರನೇ ವ್ಯಾನಿನವನು ಐದು ನಿಮಿಷ ನುಂಗ್ತಿದ್ದಾನೆ. ಆಮೆಗೆ ಲೈಸೆನ್ಸ್ ಕೊಟ್ಟೋರ್ಯಾರು?" ಟ್ಯೂಷನ್ನಿನ ಯಜಮಾನ ದೊಕ್ಸುವನ್ನು ಕರೆದು, ಇನ್ನೊಂದು ಸಲ ತಡವಾದರೆ ಕೀಲಿ ಇಟ್ಟು ಹೊರಡು ಎಂದ. ಕೀಲಿ ಹೋದರೆ ಮಗುವೂ ಹೋದಂತೆ. ಮುದುಕನಿಗೆ ಅಂದು ಅನ್ನ ಇಳಿಯಲಿಲ್ಲ.

ಮುಂದಿನ ಗುರುವಾರ ನೆಟ್ಟಗೆ ಓಡಿಸುವುದೆಂದು ಗಟ್ಟಿ ಮಾಡಿಕೊಂಡಿದ್ದ. "ಇವತ್ತು ಮೀನಿಲ್ವಾ ತಾತ?" ಎಂದಳು ಬೋಮಿ. ಅಷ್ಟೇ. ಸ್ಟಾಪ್ ಅಲ್ಲದ ಕಡೆ ಎಂದೂ ಬಸ್ಸು ನಿಲ್ಲಿಸದ ಮನುಷ್ಯ ಮಾರುಕಟ್ಟೆಯ ಕಡೆ ಸ್ಟೀರಿಂಗ್ ತಿರುಗಿಸಿದ. ಆಮೆಯನ್ನು ಕೈಯಾರೆ ಹಿಡಿಯಬೇಕೆಂದು ಯೊಂಜು ಅಂದು ಅರ್ಧ ದಿನ ರಜೆ ಹಾಕಿ, ಕಾರಿನಲ್ಲಿ ಹಿಂದೆಯೇ ಬರುತ್ತಿದ್ದಳು.

ಕಿಟಕಿಗೆ ಬಡಿದವಳು ಒಳಗಿದ್ದವನನ್ನು ನೋಡಿ ಬಾಯಿ ಬಿಟ್ಟಳು. "ಮಾವ! ಬೆಟ್ಟ ಹತ್ತೋಕೆ ಹೋಗ್ತೀನಿ ಅಂದಿದ್ರಿ!"

"ಇಳಿದು ಬಂದೆ ಕಣಮ್ಮ."

"ಹುಡುಗಾಟ ಬೇಡ. ಮಗೂನ ನೋಡ್ಬೇಕಿದ್ರೆ ಮನೆಗೆ ಬರ್ಬೇಕಿತ್ತು. ನಾನೇನ್ ಬೇಡ ಅಂದಿದ್ನಾ?"

"ಬಂದಿದ್ನಲ್ಲ. ನಾಲ್ಕು ಸಲ ಬಂದೆ. ಮನೇಲಿ ಯಾರೂ ಇರ್ಲಿಲ್ಲ. ಬಾಗಿಲಿಗೆ ಸೇಬಿನ ಚೀಲ ನೇತ್ಹಾಕಿ ಹೋದೆ."

ಆ ಸೇಬು ಪಕ್ಕದ ಮನೆಯವರದೆಂದು ತಿಳಿದು ಯೊಂಜು ಅವರಿಗೆ ಡಬ್ಬಿಗಟ್ಟಲೆ ಕಿಮ್ಚಿ ಉಪ್ಪಿನಕಾಯಿ ಕೊಟ್ಟಿದ್ದಳು. ಅವರೂ ತುಟಿ ಪಿಟಕ್ಕೆನ್ನದೆ ತಿಂದಿದ್ದರು. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಭಾನುವಾರ ಬನ್ನಿ ಮಾವ" ಎನ್ನಲು ಹೊರಟು ಅರ್ಧಕ್ಕೇ ನಿಂತಳು. ಭಾನುವಾರ ಚಿತ್ರಕಲೆ ಇತ್ತು. ಮಗಳು ಮಾತ್ರ ತಾಯಿಯ ಮುಖವನ್ನೇ ನೋಡುತ್ತ, ಯಾರೋ ಕಿತ್ತುಕೊಳ್ಳುತ್ತಾರೆಂಬಂತೆ ಅವಸರವಾಗಿ ಅಗಿಯುತ್ತಿದ್ದಳು. ಅದನ್ನು ನೋಡಿ ಯೊಂಜುವಿನ ಕಣ್ಣು ತುಂಬಿತು. ರಸ್ತೆಯಲ್ಲೇ ನಿಂತು ಗುಂಪಿಗೆ ಬರೆದಳು: "ಮೂರನೇ ವ್ಯಾನಿನ ಮೇಲಿನ ನನ್ನ ದೂರು ವಾಪಸ್. ಗುರುವಾರದ ಆ ಐದು ನಿಮಿಷ ಬೋಮಿಗೆ ಬೇಕು."

ಕ್ಷಣದಲ್ಲಿ ಇನ್ನೊಬ್ಬ ತಾಯಿಯ ಉತ್ತರ ಬಂತು: "ಐದೇ ನಿಮಿಷದಲ್ಲಿ ಏನ್ ಕಲಿಸ್ತಾರೆ? ನಮ್ ಹುಡುಗನ್ನೂ ಸೇರಿಸ್ಬಹುದಾ?"

ಯೊಂಜು ಫೋನನ್ನು ಮಾವನ ಮುಂದೆ ಹಿಡಿದಳು. ಅವನು ಕನ್ನಡಕ ಏರಿಸಿ ಎರಡು ಸಲ ಓದಿದ.

"ಅವರ ಮನೇಲೂ ಒಬ್ಬ ತಾತ ಇರ್ತಾನೆ," ಎಂದ. "ಅವನಿಗೆ ಡ್ರೈವಿಂಗ್ ಬರತ್ತಾ ಕೇಳು."