ಪಿಕಪ್ಪಿನ ಹಲಗೆಗೆ ಬಳಿಸಿದ ಆಯಿಲ್

ಆ ಡೀಸೆಲ್ ಪಿಕಪ್ಪನ್ನು ಕೊಂಡದ್ದು ಬೈಲಕುಪ್ಪೆಯಲ್ಲಿ, ಕ್ಯಾಂಪಿನ ಒಬ್ಬ ಟಿಬೆಟಿನ ರೈತನ ಹತ್ತಿರ. ಹದಿನೈದು ವರ್ಷ ಮುಸುಕಿನ ಜೋಳ ಹೊತ್ತು ಸುಸ್ತಾಗಿ, ಕೊಟ್ಟಿಗೆಯ ಹಿಂದೆ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಹಿಂದಿನ ತಳ ತುಕ್ಕು ತಿಂದು, ಕೈ ಹಾಕಿದರೆ ಕೆಳಗಿನ ಹುಲ್ಲು ಸಿಗುತ್ತಿತ್ತು.

“ಇದು ಸತ್ತೋಗದೆ ಕಣಪ್ಪ. ತಿಥಿ ಮಾಡೋದ್ ಬುಟ್ಟು ಮಾರಕ್ಕೆ ಕುಂತಿದ್ದೀಯಲ್ಲ” ಅಂದೆ.

ಅವನು ನಮ್ಮಷ್ಟೇ ಚೆನ್ನಾಗಿ ಕನ್ನಡ ಆಡುತ್ತಿದ್ದ. “ಗಾಡಿ ಮುದುಕಿ ಕಣಮ್ಮ, ನಿಮ್ಮಂಗೇಯ. ಮೇಲೆ ಸುಕ್ಕು, ಒಳಗೆ ಗಟ್ಟಿ.”

ಜೊತೆಗಿದ್ದ ನನ್ನ ಅಳಿಯ ನಕ್ಕ. ನಾನು ತಿರುಗಿ ನೋಡಿದೆ. ನಗು ನಿಂತಿತು.

ಅವನು ಮನೆ ಅಳಿಯ. ನನಗಿರುವುದು ಒಬ್ಬಳೇ ಮಗಳು, ಗಂಡ ತೀರಿಕೊಂಡಿದ್ದ, ಹೊಲ ನೋಡಲು ಒಬ್ಬ ಗಂಡಸು ಬೇಕಿತ್ತು. ಕೆ.ಆರ್. ನಗರದ ಕಡೆಯಿಂದ ತಂದೆ. ಹೋರಿ ತಂದ ಹಾಗೆ ತಂದಳು ಅಂತ ಊರಿನವರು ಆಡಿಕೊಂಡರು. ಹೋರಿಗೆ ನಾನು ಅಷ್ಟೊಂದು ಬೈದವಳಲ್ಲ. ಅಲ್ಲಿ ರೈಸ್ ಮಿಲ್ಲಿನ ಡೀಸೆಲ್ ಎಂಜಿನ್ ನೋಡಿಕೊಳ್ಳುತ್ತಿದ್ದವನು ಇಲ್ಲಿ ಹೊಗೆಸೊಪ್ಪಿನ ಸಾಲಿನಲ್ಲಿ ಕಳೆ ಕೀಳುತ್ತಿದ್ದ. ಅವನದು ಅಂತ ನಮ್ಮ ಮನೆಯಲ್ಲಿ ಏನೂ ಇರಲಿಲ್ಲ. ಎರಡನೇ ಮುದ್ದೆ ಬೇಕಾದರೆ ಮೊದಲು ನನ್ನ ಮುಖ ನೋಡುತ್ತಿದ್ದ.

ಗಾಡಿಯ ಮಾತು ಎತ್ತಿದ್ದು ಅವನೇ. “ಕೊಡ್ಸಿ ಅತ್ತೆ, ರಿಪೇರಿ ನಾನೇ ಮಾಡ್ತೀನಿ. ಸೊಪ್ಪು ಸಾಗ್ಸಕ್ಕೆ ಬೇರೆಯೋರ್ ಗಾಡಿ ಕಾಯೋದು ತಪ್ತದೆ. ಮಿಕ್ಕಿದ್ ದಿನ ಬಾಡಿಗೆಗೆ ಓಡುಸ್ಕೊತೀನಿ.”

“ಈ ವರ್ಸದ್ ಸೊಪ್ಪು ಕೆಡ್ದಂಗೆ ಅರಾಜಿಗೆ ಮುಟ್ಲಿ, ಗಾಡಿ ನಿನ್ನೆಸ್ರಿಗೇ ಮಾಡುಸ್ತೀನಿ. ಕೆಡ್ತಾ, ಮಾರಾಕ್ತೀನಿ” ಅಂದೆ. ಮಗಳ ಎದುರಿಗೇ ಅಂದೆ. ಅವಳಿಗೆ ಆಗ ನಾಲ್ಕು ತಿಂಗಳು.

ಎಳೆಸಿ ತಂದು ಮನೆ ಮುಂದೆ ನಿಲ್ಲಿಸಿದ ಆ ಗಾಡಿಯ ಕೆಳಗೇ ಎರಡು ತಿಂಗಳು ಅವನು ಇದ್ದ. ಹೊಲದ ಕೆಲಸ ಮುಗಿಸಿ ಬಂದವನು ಕಾಲು ಕೂಡ ತೊಳೆಯದೆ ಗೋಣಿಚೀಲ ಹಾಸಿ ಒಳಗೆ ನುಗ್ಗುತ್ತಿದ್ದ. ಹೆಡ್ ಬಿಚ್ಚಿದ, ಗ್ಯಾಸ್ಕೆಟ್ ಹಾಕಿದ, ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಎಳೆ ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹುಣಸೂರಿಗೆ ಹೋಗಿ ಸರಿಮಾಡಿಸಿಕೊಂಡು ಬಂದ. ಮೊದಲ ಸಲ ಸ್ಟಾರ್ಟ್ ಆದಾಗ ಬಂದ ಕರಿ ಹೊಗೆ ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಸೀರೆಗೆ ಹತ್ತಿಕೊಂಡಿತು. ಮಗಳು ಚಪ್ಪಾಳೆ ತಟ್ಟಿದಳು. ನಾನು ಸೀರೆ ಎಳೆದು ಅವನ ಮುಖಕ್ಕೆ ಎಸೆದು, “ಒಗ್ದಾಕು” ಅಂದೆ. ಒಗೆದ.

ತಳಕ್ಕೆ ಕಬ್ಬಿಣದ ಶೀಟು ಹಾಕೋಣ ಅಂದ. ನಾನು ಹುಣಸೂರಿನ ಸಾಮಿಲ್ಲಿನಿಂದ ಹಲಗೆ ತರಿಸಿದೆ. ನಮ್ಮ ಕಡೆ ಮರದ್ದು ಏನೇ ಮಾಡಿಸಲಿ, ತೊಲೆಯೋ ಬಾಗಿಲೋ, ಗೆದ್ದಲು ಹಿಡಿಯದಿರಲಿ ಅಂತ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಬಳಿಯುತ್ತೇವೆ. ಇದಕ್ಕೂ ಬಳಿ ಅಂದೆ.

“ಬ್ಯಾಡಿ ಅತ್ತೆ, ಸೊಪ್ಪು ವಾಸ್ನೆ ಎಳ್ಕೊತದೆ. ಮಿಲ್ಲಲ್ಲಿ ಆಯಿಲ್ ಡಬ್ಬದ್ ಪಕ್ಕ ಇಟ್ಟಿದ್ ಅಕ್ಕೀನ ನಾಯೂ ಮೂಸ್ನಿಲ್ಲ.”

“ಬತ್ತದ್ ಸೀಮೆಯೋನು ನಂಗೆ ಸೊಪ್ಪಿನ್ ಪಾಠ ಏಳ್ತೀಯೇನ್ಲಾ? ಮೂವತ್ ವರ್ಸದಿಂದ ಸೊಪ್ಪು ಬೇಯ್ಸಿ ಒಣುಗ್ಸಿವ್ನಿ. ಬಳಿ ಅಂದ್ರೆ ಬಳಿ.”

ಅಳಿಯನಿಗೆ ‘ಲಾ’ ಅನ್ನಬಾರದು ಅಂತ ನನಗೂ ಗೊತ್ತು. ಅಂದೆ. ಅವನು ಬಳಿದ, ಮಗಳು ಡಬ್ಬ ಹಿಡಿದುಕೊಂಡಳು.

ಹರಾಜಿಗೆ ಹೊರಡುವ ಬೆಳಿಗ್ಗೆ ಅಳಿಯ ಹಲಗೆಯ ಮೇಲೆ ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದ. ಮೋಡ ಕಟ್ಟಿತ್ತು, ಇದ್ದದ್ದು ಒಂದೇ ಟಾರ್ಪಾಲು. ನಾನು ಅದನ್ನು ಕೆಳಗಿನಿಂದ ಎಳೆಸಿ ಸೊಪ್ಪಿನ ಬೇಲುಗಳ ಮೇಲೆ ಹೊದಿಸಿದೆ. ಗೋಣಿತಾಟಿನಲ್ಲಿ ಕಟ್ಟಿದ್ದ ಸೊಪ್ಪು ಬರೀ ಹಲಗೆಯ ಮೇಲೆ ಕೂತಿತು. ಅವನು ಹಲಗೆಯನ್ನೊಮ್ಮೆ ಮೂಸಿ ನೋಡಿ, ಹೋಗಿ ಸೀಟಿನಲ್ಲಿ ಕೂತ. ಮಳೆ ಒಂದು ಹನಿ ಬೀಳಲಿಲ್ಲ. ಪಿರಿಯಾಪಟ್ಟಣದಲ್ಲಿ ಹರಾಜಿನ ಗೇಟಿನ ಮುಂದೆ ಸರದಿ ಕಾಯುತ್ತ ಚುರುಗುಟ್ಟುವ ಬಿಸಿಲಿನಲ್ಲಿ ಅರ್ಧ ದಿನ ನಿಂತೆವು.

ಬೇಲುಗಳನ್ನು ಸಾಲಾಗಿ ಇಟ್ಟರು. ಕೊಳ್ಳುವವನೊಬ್ಬ ಬಗ್ಗಿ ಒಂದು ಹಿಡಿ ಎಳೆದು ಮೂಸಿದ. ಪಕ್ಕದವನ ಮೂಗಿಗೂ ಹಿಡಿದ.

“ಏನಮ್ಮ, ಇದುನ್ನ ಒಲ್ದಲ್ ಬೆಳುದ್ರಾ, ಗ್ಯಾರೇಜಲ್ ಬೆಳುದ್ರಾ?”

ನಮ್ಮೂರಿನವರೆಲ್ಲ ಅಲ್ಲೇ ನಿಂತಿದ್ದರು. ಒಬ್ಬ, “ಯಾರೂ ಬೀಡಿ ಅಚ್ಬ್ಯಾಡ್ರಪ್ಪೋ, ಬೇಲ್ ಸ್ಟಾರ್ಟ್ ಆದಾತು” ಅಂದ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಟ್ಟದ್ದು ಕೆಳಗಿನ ಸಾಲಿನ ಬೇಲುಗಳು ಮಾತ್ರ. ಆದರೆ ಮೂಗು ಒಂದು ಸಲ ಕೆಟ್ಟ ಮೇಲೆ ಎಲ್ಲದರಲ್ಲೂ ಅದೇ ವಾಸನೆ. ಯಾರೂ ಬೆಲೆ ಕೂಗಲಿಲ್ಲ.

ನಾನು ಅಳಿಯನ ಕಡೆ ಕೈ ತೋರಿಸಿದೆ. “ಇಗಾ, ಇವ್ನೇ ಕಣ್ರಪ್ಪ ಅಲ್ಗೆಗೆ ಆಯಿಲ್ ಬಳ್ದೋನು. ಸೊಪ್ಪು ಕಾಣ್ದೋನ್ನ ಮನೆಗ್ ತಂದಿದ್ಕೆ ಉಣ್ತಾ ಇವ್ನಿ.”

ಎಲ್ಲರೂ ಅವನನ್ನು ನೋಡಿದರು. ಅವನು ನನ್ನನ್ನು ನೋಡಿದ. ಅವನು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಿದ್ದರೆ ಆ ಊರಲ್ಲಿ ನನ್ನ ಮಾತಿಗೆ ಮತ್ತೆ ಬೆಲೆ ಇರುತ್ತಿರಲಿಲ್ಲ.

“ಊಂ, ನಾನೇ ಬಳ್ದಿದ್ದು” ಅಂದ.

ಮನೆಗೆ ಬಂದ ಮೇಲೆ ಮಗಳು ಹಿಡಿದುಕೊಂಡಳು. “ಬಳಿ ಅಂದೋಳು ನೀನೇ ಅಲ್ವೇನವ್ವ? ನಾನೇ ಡಬ್ಬ ಇಡ್ಕೊಂಡಿದ್ನಲ್ಲ.”

“ನನ್ ಮನೇಲಿ ಉಣ್ಕೊಂಡು ನಂಗೇ ನ್ಯಾಯ ಏಳ್ಬ್ಯಾಡ. ಸೊಪ್ಪು ಕೆಡ್ತು, ಗಾಡಿ ಮಾರ್ತೀನಿ. ಮಾತಂದ್ರೆ ಮಾತು.”

ನಿಜ ಬರೆಯುತ್ತೇನೆ. ಸೊಪ್ಪು ಕೆಟ್ಟದ್ದಕ್ಕೆ ಹೊಟ್ಟೆ ಉರಿದದ್ದು ಎರಡು ದಿನ. ಆಮೇಲೆ ಒಳಗೊಳಗೇ ಹಗುರಾಯಿತು. ಗಾಡಿ ಅವನ ಹೆಸರಿಗೆ ಆಗಿದ್ದರೆ ಎರಡನೇ ಮುದ್ದೆಗೆ ಅವನು ನನ್ನ ಮುಖ ನೋಡುತ್ತಿರಲಿಲ್ಲ.

ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿದ್ದ ಕೇರಳದವನೊಬ್ಬ ನೋಡಲು ಬಂದ. ಅವನು ಕೀ ತಿರುಗಿಸಿದರೆ ಗಾಡಿ ಕೆಮ್ಮಿ ಸುಮ್ಮನಾಯಿತು. ಎಂಜಿನ್ ಬಿಸಿ ಮಾಡುವ ಹೀಟರನ್ನು ಎಷ್ಟು ಹೊತ್ತು ಹಿಡಿದು ಯಾವಾಗ ಬಿಡಬೇಕು ಅನ್ನುವುದು ಅಳಿಯನಿಗೊಬ್ಬನಿಗೇ ಗೊತ್ತು. ಹೊಲದಿಂದ ಕರೆಸಿದೆ. ಅವನದಾಗಬೇಕಿದ್ದ ಗಾಡಿಯನ್ನು ಮಾರುವುದಕ್ಕೆ ಅವನ ಕೈಯಲ್ಲೇ ಸ್ಟಾರ್ಟ್ ಮಾಡಿಸಿದೆ. ಒಂದೇ ಸಲಕ್ಕೆ ಹಿಡಿಯಿತು.

“ಈ ಡ್ರೈವರೂ ಬರ್ತಾರಾ ಅಮ್ಮ?” ಅಂದ ಕೇರಳದವನು.

“ಸ್ಟೆಪ್ನಿ ಜೊತೇಲಿ ಇವ್ನೂ ಇರ್ಲಿ, ತಕಂಡೋಗಿ” ಅಂದೆ. ಕೇರಳದವನು ನಕ್ಕ.

ಅಳಿಯ ಸೀಟಿನಿಂದ ಇಳಿಯಲೇ ಇಲ್ಲ. “ಅತ್ರಿ ಸಾವ್ಕಾರ್ರೇ, ಬತ್ತೀನಿ” ಅಂದ. ಒಳಗಿದ್ದ ಮಗಳಿಗೆ, “ಭಾನ್ವಾರ ಬತ್ತೀನಿ ಕಣಮ್ಮಿ, ಉಸಾರು” ಅಂತ ಕೂಗಿದ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಅವಳು ಬಾಗಿಲಿಗೆ ಬರುವ ಹೊತ್ತಿಗೆ ಗಾಡಿ ತಿರುಗಿ ಹೋಗಿತ್ತು.

ಶುಂಠಿ ಹೊಲದ ಶೆಡ್ಡಿನಲ್ಲಿ ಬಾಣಂತಿ ಇರುವ ಹಾಗಿಲ್ಲ, ಮಗಳು ನನ್ನಲ್ಲೇ ಉಳಿದಳು. ಮೊಮ್ಮಗ ಹುಟ್ಟಿದ. ಅಳಿಯ ಭಾನುವಾರ ಅದೇ ಗಾಡಿಯಲ್ಲಿ ಬಂದು, ಟಾರು ರಸ್ತೆಯಲ್ಲೇ ನಿಲ್ಲಿಸಿ, ನಡೆದುಕೊಂಡು ಮನೆಗೆ ಬರುತ್ತಿದ್ದ. ಜಗುಲಿಯ ಮೇಲೆ ಕೂತು ಕೂಸನ್ನು ಆಡಿಸಿ ಹೋಗುತ್ತಿದ್ದ. “ಉಣ್ಣಪ್ಪ” ಅಂದರೆ, “ಉಂಡಾಯ್ತು ಅತ್ತೆ” ಅನ್ನುತ್ತಿದ್ದ. ಆಮೇಲೆ ನನ್ನ ಮನೆಯಲ್ಲಿ ಅವನು ಒಂದು ಅಗುಳು ಮುಟ್ಟಿಲ್ಲ. ಆಯಿಲ್ ಬಳಿಸಿದ್ದು ಯಾರು ಅಂತ ಊರಲ್ಲಿ ಒಬ್ಬರಿಗೂ ಹೇಳಿಲ್ಲ. ನಾನೂ ಹೇಳಿಲ್ಲ.

ಮೊಮ್ಮಗನಿಗೆ ಮಾತು ಬಂದ ಮೇಲೆ ಒಂದು ಭಾನುವಾರ ಕೇಳಿದ: “ಅಜ್ಜೀ, ಅಪ್ಪನ್ ಗಾಡಿ ಯಾಕೆ ಮನೆ ಗಂಟ ಬರಕಿಲ್ಲ?”

“ಓಣಿ ಚಿಕ್ದು ಕಣ್ಲಾ, ಇಡಿಸಕಿಲ್ಲ” ಅಂದೆ.

ಮಗಳು ರಾಗಿ ಕೇರುತ್ತಿದ್ದಳು. “ಎರಡ್ ತಿಂಗ್ಳು ಇಲ್ಲೇ ನಿಂತಿತ್ತಲ್ಲವ್ವ” ಅಂದಳು, ಮೊರ ನಿಲ್ಲಿಸದೆ. ನಾನು ಎದ್ದು ದನ ಕಟ್ಟಲು ಹೋದೆ.