ಹಚ್ಚೊಳ್ಳಿಯಲ್ಲಿ ಹುಳ ಮುಟ್ಟಿದ ದಿನ

2007ರಲ್ಲಿ ನಾನು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಒಂದು ಟ್ರಸ್ಟಿನ ಕ್ಲಿನಿಕ್ಕಿನಲ್ಲಿ ವೈದ್ಯೆಯಾಗಿದ್ದೆ. ಮನೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ. ಅದಿರಿನ ದುಡ್ಡು ಬಳ್ಳಾರಿಗೆ ಹೆಲಿಕಾಪ್ಟರ್ ತಂದಿತ್ತು, ಹಳ್ಳಿಗಳಿಗೆ ಡಾಕ್ಟರನ್ನು ತಂದಿರಲಿಲ್ಲ. ಅದಕ್ಕೇ ಟ್ರಸ್ಟಿನವರು ಬೆಂಗಳೂರಿನಲ್ಲಿ ರೋಗ ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಮ್ ಮಾಡಿಸಿದ್ದರು. ಆಗ ಅದನ್ನು ಎಕ್ಸ್‌ಪರ್ಟ್ ಸಿಸ್ಟಮ್ ಅನ್ನುತ್ತಿದ್ದರು, ಈಗಿನವರು ಎ.ಐ. ಅನ್ನುತ್ತಾರೆ. ಕುಷ್ಠ, ಆನೆಕಾಲು, ಹಾವು ಕಡಿತ, ಹೀಗೆ ದೊಡ್ಡ ಆಸ್ಪತ್ರೆಗಳು ತಲೆ ಕೆಡಿಸಿಕೊಳ್ಳದ ಬಡವರ ಕಾಯಿಲೆಗಳೆಲ್ಲ ಅದರಲ್ಲಿದ್ದವು. ರೋಗಿ ಹೇಳಿದ್ದನ್ನು ಸಿಸ್ಟರ್ ಟೈಪ್ ಮಾಡಿದರೆ ಪರದೆ ಕಾಯಿಲೆಯ ಹೆಸರು ಹೇಳುತ್ತಿತ್ತು.

ನಾನು ಕುರುಗೋಡಿನ ಶಿಬಿರಕ್ಕೆ ಹೋಗಿದ್ದ ದಿನ ಊರಿನ ಹುಲಿಗೆಮ್ಮ ಎಂಬ ಹೆಂಗಸು ಭತ್ತದ ಗದ್ದೆಯಿಂದ ಕುಂಟುತ್ತ ಬಂದಳಂತೆ. "ಕಾಲಿಗೆ ಹುಳ ಮುಟ್ಟೇತ್ರಿ ಸಿಸ್ಟರ್," ಎಂದಳಂತೆ. ನಮ್ಮ ಕಡೆ ಹಾವು ಕಚ್ಚಿದರೆ ಹಾವಿನ ಹೆಸರೆತ್ತುವುದಿಲ್ಲ. ಹುಳ ಮುಟ್ಟಿತು ಅನ್ನುತ್ತಾರೆ. ಕೇರಳದಿಂದ ಬಂದ ಸಿಸ್ಟರ್ ಲೀಲಾಗೆ ಇದು ಗೊತ್ತಿರಲಿಲ್ಲ, ಪ್ರೋಗ್ರಾಮ್ ಬರೆದವರ ಬಗ್ಗೆಯಂತೂ ಕೇಳಲೇಬೇಡಿ. ಪರದೆ 'ಕೀಟದ ಕಡಿತ' ಎಂದಿತು. ಲೀಲಾ ತುರಿಕೆಯ ಮಾತ್ರೆ ಕೊಟ್ಟು ಮನೆಗೆ ಕಳಿಸಿದಳು.

ನಾನು ಮರಳಿದ ಹೊತ್ತಿಗೆ ಹುಲಿಗೆಮ್ಮನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದರು. ರೆಪ್ಪೆ ಎತ್ತಲಾಗುತ್ತಿರಲಿಲ್ಲ, ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಹಿಂದೆಯೇ ಗಂಡ ಈರಣ್ಣ, ಅದಿರು ಲಾರಿಯ ಡ್ರೈವರ್, ಕೈಯಲ್ಲಿ ಜಾಕಿ ರಾಡು.

"ನನ್ ಹೆಣ್ತೀನ ಕೊಂದ್ಯಲ್ಲಲೇ!"

ಮೊದಲ ಏಟಿಗೆ ಕಂಪ್ಯೂಟರ್ ಪುಡಿಯಾಯಿತು. ಎರಡನೆಯದು ಲೀಲಾಳ ಬಲಗೈ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವನ ತಮ್ಮಂದಿರು ಅವಳ ಜಡೆ ಹಿಡಿದು ನೆಲಕ್ಕೆ ಕೆಡವಿ ಒದ್ದರು. ನೆಲದ ತುಂಬ ಗಾಜು, ರಕ್ತ. ನಾನು ಉಸಿರು ತುಂಬುವ ರಬ್ಬರ್ ಚೀಲವನ್ನು ಹುಲಿಗೆಮ್ಮನ ಮೂಗು ಬಾಯಿಗೆ ಒತ್ತಿ ಹಿಡಿದು ಕೂಗಿದೆ.

"ಈರಣ್ಣಾ, ಹೊಡಿಯಾದಿದ್ರ ಆಮ್ಯಾಲ ನನ್ನೂ ಹೊಡಿ! ಆಕಿ ಉಸಿರು ನಿಲ್ಲಾಕತ್ತೇತಿ, ಬಂದು ಈ ಚೀಲ ಹಿಚುಕು!"

ರಾಡು ಕೈಯಿಂದ ಬಿತ್ತು. ಪಕ್ಕದ ಕೋಣೆಯ ಫ್ರಿಜ್ಜಿನಲ್ಲೇ ಇದ್ದ ಹಾವಿನ ವಿಷದ ಔಷಧಿಯನ್ನು ನಾನು ಏರಿಸಿದೆ. ಜೀಪಿನಲ್ಲಿ ಬಳ್ಳಾರಿ ತಲುಪುವ ತನಕ ಈರಣ್ಣ ಅಳುತ್ತ ಆ ಉಸಿರಿನ ಚೀಲವನ್ನು ಹಿಚುಕಿದ. ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡ ಲೀಲಾ ಎದುರಿಗೇ ಕೂತಿದ್ದಳು. ಆಸ್ಪತ್ರೆ ಬಾಗಿಲಲ್ಲೇ ಪೊಲೀಸರು ಅವನನ್ನು ಹಿಡಿದರು.

ಹುಲಿಗೆಮ್ಮ ಬದುಕಿದಳು. ಲೀಲಾಳ ಕೈ ಮತ್ತೆಂದೂ ಸೂಜಿ ಹಿಡಿಯಲಿಲ್ಲ, ಅವಳು ಊರಿಗೆ ಹೋಗಿಬಿಟ್ಟಳು. ಬೆಂಗಳೂರಿನವರು ಪ್ರೋಗ್ರಾಮಿಗೆ ಒಂದು ಪದ ಸೇರಿಸಿ ಹೊಸ ಸಿ.ಡಿ. ಕಳಿಸಿದರು.

ಆಸ್ಪತ್ರೆಯಲ್ಲಿ ಉಸಿರಿಗೆಂದು ಗಂಟಲಿಗೆ ಹಾಕಿದ್ದ ನಳಿಕೆ ತೆಗೆದ ಮೇಲೆ ಹುಲಿಗೆಮ್ಮ ಕೇಳಿದ್ದಳು: "ತಪ್ಪು ಕಂಪ್ಯೂಟ್ರದು ಅಂತೀರಿ ಡಾಕ್ಟ್ರಮ್ಮಾ. ಮತ್ತ ಸಿಸ್ಟರ್ ಕೈ ಯಾಕ ಮುರೀತು? ನನ್ ಗಂಡ ಯಾಕ ಜೈಲಿನ್ಯಾಗ ಅದಾನ?"

ಆಮೇಲೆ ಇಂಥ ಯಂತ್ರ ಹಿಡಿದು ಬಂದವರಿಗೆಲ್ಲ ನಾನು ಕೇಳುತ್ತಿದ್ದುದು ಒಂದೇ: ಇದು ತಪ್ಪಿದ ದಿನ ರೋಗಿಯ ಮನೆಯವರ ಎದುರು ಯಾರು ನಿಂತಿರುತ್ತಾರೆ? 'ಸಿಸ್ಟರ್ ಇರ್ತಾರಲ್ಲ, ಮೇಡಂ' ಎಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದೇನೆ.